ಎಕ್ಸಿಟ್ ಎಂಬ ಕನ್ನಡ ಪದ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಂಗಳೂರಿಗೆ ಮರಳಿ ವಾರವೂ ಆಗಿಲ್ಲ, ಆಗಲೇ ನನ್ನ ನೆನಪು ತನ್ನಿಷ್ಟದ ಹಾಗೆ ತಿದ್ದಲು ತೊಡಗಿದೆ. ನಾನು ದಮ್ಮಾಮಿನಲ್ಲಿ ಇಳಿದಾಗ ಎಳೆಬಿಸಿಲಿತ್ತೆಂದು ನಾನು, ದೂಳೆದ್ದಿತ್ತೆಂದು ಅಕ್ಕ. ಅವಳು ಅಲ್ಲೇ ವಾಸವಿರುವವಳು, ಅವಳ ಮಾತೇ ಸರಿಯಿದ್ದೀತು.

ವಿಮಾನ ನಿಲ್ದಾಣದ ಹೊರಗೆ ಅಕ್ಕ ಕಾರಿನ ಕೀಲಿ ಆಡಿಸುತ್ತ ನಿಂತಿದ್ದಳು. ಊರಿನಲ್ಲಿ ಸೈಕಲ್ ಮುಟ್ಟಲೂ ಹೆದರುತ್ತಿದ್ದವಳು ಆರು ಸಾಲಿನ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸಲೀಸಾಗಿ ನುಗ್ಗಿದಳು. ಅವಳ ಮನೆಯಿರುವ ಜುಬೈಲ್‌ಗೆ ಸುಮಾರು ಒಂದು ಗಂಟೆಯ ದಾರಿ. ತಂತಿಬೇಲಿಯಾಚೆ ಒಂಟೆಗಳು, ಆಮೇಲೆ ಮರಳಿನುದ್ದಕ್ಕೂ ಪೈಪುಗಳು, ಕೊನೆಗೆ ಹಗಲಲ್ಲೂ ಬೆಂಕಿ ಉಗುಳುವ ಕಾರ್ಖಾನೆಯ ಕೊಳವೆಗಳು. ಕಂಪೆನಿ ಬಸ್ಸುಗಳಲ್ಲಿ ಪಾಳಿ ಮುಗಿಸಿದವರು ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದರು.

"ನಿನ್ನ ಭಾವ ಎಕ್ಸಿಟ್ ಹೊಡಿಸ್ತಾರಂತೆ ಮಾರಾಯ್ತಿ," ಎಂದಳು ಅಕ್ಕ. "ತಿಂಗಳ ಕೊನೆಯೊಳಗೆ ಕಂಪೆನಿಗೆ ಹೇಳ್ಬೇಕು."

"ಒಳ್ಳೇದಾಯ್ತು, ಎಷ್ಟು ದಿನ ರಜೆ?" ಎಂದೆ ನಾನು.

"ರಜೆಗೆ ಹೋಗುವುದು ರೀ-ಎಂಟ್ರಿ. ಇದು ಫೈನಲ್, ಹೋದ್ರೆ ಮತ್ತೆ ಬರ್ಲಿಕ್ಕಿಲ್ಲ. ನನ್ನ, ಅನ್ವಿತಾಳ ಇಕಾಮಾ ಅವರದ್ದಕ್ಕೇ ಗಂಟು ಹಾಕಿದ್ದಲ್ವಾ? ಅವರು ಹೋದ್ರೆ ನಮ್ಮ ವಾಸದ ಪರವಾನಗಿಯೂ ಹೋಯ್ತು."

ಅಕ್ಕ ಅಲ್ಲಿನ ಇಂಡಿಯನ್ ಶಾಲೆಯಲ್ಲಿ ಯುಕೆಜಿ ಟೀಚರ್. ಮಗಳು ಅನ್ವಿತಾ ಹತ್ತನೇ ತರಗತಿ. ಹನ್ನೆರಡನೆಯದನ್ನೂ ಇಲ್ಲೇ ಮುಗಿಸುತ್ತೇನೆಂದು ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಮರುದಿನ ಶುಕ್ರವಾರ. ಕರಾವಳಿಯ ಹತ್ತಾರು ಮನೆಯವರು ಊರ ಹೊರಗಿನ ಒಂದು ಇಸ್ತಿರಾಹಾದಲ್ಲಿ ಸೇರಿದ್ದರು; ಎತ್ತರದ ಗೋಡೆಯೊಳಗೆ ಹುಲ್ಲುಹಾಸು, ಖರ್ಜೂರದ ಮರ, ಒಂದು ಹಜಾರ, ದಿನದ ಲೆಕ್ಕದಲ್ಲಿ ಬಾಡಿಗೆ. ಮಕ್ಕಳ ಕನ್ನಡ ತುಕ್ಕು ಹಿಡಿಯದಿರಲೆಂದು ಅಲ್ಲಿ ಆಗಾಗ ಚರ್ಚಾಕೂಟ ನಡೆಯುತ್ತದೆ. ಅಧ್ಯಕ್ಷರು ಭಟ್ಕಳದ ಇಸ್ಮಾಯಿಲ್ ಭಾಯಿ, ಅತ್ತರಿನ ಅಂಗಡಿಯವರು. ಅಂದಿನ ವಿಷಯ: ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟದ್ದು ಸರಿಯೇ? "ನಮ್ಮ ಊರಿನ ವಿಷಯ ಇಟ್ರೆ ಬಿರಿಯಾನಿ ತಣ್ಣಗಾಗ್ತದೆ ಟೀಚರೇ," ಎಂದು ಅವರು ನನಗೆ ಪಿಸುಗುಟ್ಟಿದರು. "ಇದಾದ್ರೆ ಯಾರಿಗೂ ತಾಗುವುದಿಲ್ಲ."

ನಿಯಮ ಎರಡು. ಇಂಗ್ಲಿಷ್ ಪದ ಬಂದರೆ ಸಭೆಯೆಲ್ಲ ಮೇಜು ತಟ್ಟಬೇಕು. ಊಟಕ್ಕೆ ಮೊದಲು ಪ್ರತಿಯೊಬ್ಬರೂ ಎದುರಾಳಿಯ ಒಂದು ಒಳ್ಳೆಯ ಮಾತನ್ನು ಒಪ್ಪಿಕೊಳ್ಳಬೇಕು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ನಾನು ಇಷ್ಟು ಚೆಂದದ ನಿಯಮವನ್ನು ಯಾವ ಸಭೆಯಲ್ಲೂ ಕಂಡಿರಲಿಲ್ಲ.

ಬಿಟ್ಟದ್ದು ಸರಿ ಎನ್ನಲು ಭಾವ ಎದ್ದರು. "ಇನ್ನೊಬ್ಬರು ಮಾಡಿದ ಕಾನೂನಿಗೆ ಎಷ್ಟು ವರ್ಷ ತಲೆಬಾಗುವುದು? ಲಾಭ ಸ್ವಲ್ಪ ಕಡಿಮೆಯಾಗ್ಲಿ. ಬಾಗಿಲಿನ ಕೀಲಿ ನಮ್ಮ ಕಿಸೆಯಲ್ಲಿ ಇರ್ಬೇಕು."

ಎದುರಿಗೆ ನಿಂತವಳು ಅನ್ವಿತಾ. "ಮಾರ್ಕೆಟ್" ಎಂದಳು, ಮೇಜು ಗುಡುಗಿತು. "ಮಾರುಕಟ್ಟೆ," ಎಂದು ತಿದ್ದಿಕೊಂಡಳು.

ಇಸ್ಮಾಯಿಲ್ ಭಾಯಿ ಅವಳನ್ನು ತಡೆದರು. "ಒಂದು ನಿಮಿಷ ಮಗಾ. ಆ ಬ್ರಿಟನ್ನಿನವ್ರು ಹೊಡಿಸಿದ್ದು ಫೈನಲ್ ಎಕ್ಸಿಟ್ಟಾ, ಅಲ್ಲ ರೀ-ಎಂಟ್ರಿ ಉಂಟಾ?"

ಹಜಾರ ನಗೆಯಿಂದ ತುಂಬಿತು. ಯಾರೂ ಮೇಜು ತಟ್ಟಲಿಲ್ಲ. ಆ ಪದ ಅಲ್ಲಿ ಕನ್ನಡವೇ ಆಗಿಹೋಗಿತ್ತು.

"ಫೈನಲ್ ಅಂಕಲ್," ಎಂದಳು ಅನ್ವಿತಾ, ನಗದೆ. "ಅಲ್ಲಿ ಮತ ಹಾಕ್ಲಿಕ್ಕೆ ವಯಸ್ಸಾಗದವರೂ ಇದ್ರು. ಹೊರಟವ ಒಬ್ಬನೇ ಹೊರಡುವುದಿಲ್ಲ. ಮನೆಯವರನ್ನೆಲ್ಲ ಎಬ್ಬಿಸಿ ಕರ್ಕೊಂಡು ಹೋಗ್ತಾನೆ."

ಭಾವ ಕನ್ನಡಕ ಒರೆಸಿಕೊಂಡರು. ಹೊರಗೆ ಬಿರಿಯಾನಿಯ ದಮ್ ಒಡೆದು ಮುಚ್ಚಳ ತೆಗೆದ ವಾಸನೆ ಬಂದಾಗ ಎಲ್ಲರಿಗೂ ಬಿಡುಗಡೆಯಾದಂತಾಯಿತು. ಆದರೆ ಎರಡನೇ ನಿಯಮ ಬಾಕಿಯಿತ್ತು.

"ಹೊರಟವ ಒಬ್ಬನೇ ಹೊರಡುವುದಿಲ್ಲ ಅಂದಳಲ್ಲ," ಎಂದರು ಭಾವ. "ಅದು ಒಳ್ಳೆಯ ಮಾತು."

ಅನ್ವಿತಾ ಅಪ್ಪನತ್ತ ತಿರುಗಿದಳು. "ಪಪ್ಪನಿಗೆ ಸುಸ್ತಾಗಿದೆ. ಅದು ಸರಿ."

"ಅವ್ರು ಹಾಗೆ ಹೇಳ್ಲಿಲ್ವಲ್ಲ ಮಗಾ," ಎಂದರು ಇಸ್ಮಾಯಿಲ್ ಭಾಯಿ.

"ಹೇಳಿದ್ದು ಅದೇ ಅಂಕಲ್."

ಅಪ್ಪ ಮಗಳು ಒಂದೇ ದೊಡ್ಡ ತಟ್ಟೆಯ ಸುತ್ತ ಊಟಕ್ಕೆ ಕೂತರು. ವಾದದಲ್ಲಿ ಇಷ್ಟು ಕಟುವಾಗಿದ್ದು, ಕೊನೆಯಲ್ಲಿ ಇಷ್ಟು ಮೃದುವಾಗಲು ಇವರು ಎಲ್ಲಿ ಕಲಿತರೋ.

ನಡುವೆ ಒಂದು ಸಂಗತಿ ಬಿಟ್ಟೆ. ಊಟಕ್ಕೆ ಏಳುವ ಮುನ್ನ ಇಸ್ಮಾಯಿಲ್ ಭಾಯಿ ಎರಡೂ ಪಕ್ಷಕ್ಕೆ ಕೈ ಎತ್ತಿಸಿದ್ದರು. ಯಾರು ಗೆದ್ದರೆಂಬುದು ಮರೆತುಹೋಗಿದೆ. ಅಕ್ಕ ಎರಡು ಸಲವೂ ಕೈ ಎತ್ತಲಿಲ್ಲ. ಅವಳ ಎರಡೂ ಕೈಯಲ್ಲಿ ಚಹದ ಟ್ರೇ ಇತ್ತು. ಇದೊಂದನ್ನು ನಾನು ತಪ್ಪಾಗಿ ನೆನಪಿಟ್ಟಿಲ್ಲ.

ಉಳಿದ ದಿನಗಳಲ್ಲಿ ಅಕ್ಕ ಸಮುದ್ರದಂಡೆ ತೋರಿಸಿದಳು, ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ತಂದು ತಿನ್ನಿಸಿದಳು, ತನ್ನ ತರಗತಿಗೂ ಕರೆದೊಯ್ದಳು. ಪುಟಾಣಿಗಳು ನಾಲ್ಕು ಭಾಷೆಗಳಲ್ಲಿ ಅವಳ ಸೆರಗಿಗೆ ಜೋತುಬಿದ್ದವು. ಅವಳು ನಾಲ್ಕರಲ್ಲೂ ಉತ್ತರಿಸಿದಳು. ಭಾವ ಕಂಪೆನಿಗೆ ಇನ್ನೂ ಏನೂ ಹೇಳಿರಲಿಲ್ಲ. ಮನೆಯಲ್ಲಿ ಅಪ್ಪ ಮಗಳ ಚರ್ಚೆ ನಡೆಯುತ್ತಲೇ ಇತ್ತು.

ಹೊರಡುವ ದಿನವೂ ಅಕ್ಕನೇ ಕಾರು ಓಡಿಸಿದಳು. ದಮ್ಮಾಮ್ ಹತ್ತಿರವಾದಾಗ ಕೇಳಿದೆ: "ಅಕ್ಕಾ, ಅವತ್ತು ಕೈಯಲ್ಲಿ ಟ್ರೇ ಇಲ್ದಿದ್ರೆ, ನೀನು ಯಾವುದಕ್ಕೆ ಕೈ ಎತ್ತುತ್ತಿದ್ದೆ?"

ಅವಳು ಕನ್ನಡಿ ನೋಡಿ, ಎಡಗೈಯಿಂದ ಇಂಡಿಕೇಟರ್ ಹಾಕಿ, ಬಲಸಾಲಿಗೆ ಸರಿದಳು. ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ಇಳಿಸಿಕೊಟ್ಟು ಎರಡೂ ಕೈಗಳಿಂದ ನನ್ನ ಕೆನ್ನೆ ಹಿಡಿದಳು. ಮತ್ತೆ ಕಾರು ಹತ್ತಿ ಹೊರಟಳು.