ಬಚ್ಚಲ ಕಿಟಕಿಯ ಲೆಕ್ಕ

ಕ್ಲಾಸಿನಲ್ಲಿ ಶಭಾಸ್ ಎಂದ ಬಾಯಲ್ಲೇ ಅದೇ ಹುಡುಗಿಗೆ ಸಮಾಧಾನ ಹೇಳಲು ಹೋಗುವುದಿದೆಯಲ್ಲ, ಅಂಥ ಶಿಕ್ಷೆ ಯಾವ ಮೇಷ್ಟ್ರಿಗೂ ಬೇಡ.

ನಾನು ಕುಮಟಾದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುವವನು (ಕೊರೆಯುವವನು ಎಂದರೂ ಬೇಸರವಿಲ್ಲ). ಕಳೆದ ತಿಂಗಳು ಅನಿಲಗಳ ಲೆಕ್ಕ ನಡೆದಿತ್ತು. ಒಂದು ಲೀಟರ್ ಪ್ರೊಪೇನ್ ಪೂರ್ತಿ ಉರಿಯಲು ಎಷ್ಟು ಗಾಳಿ ಬೇಕು?

ಹೊಳನಗದ್ದೆಯ ನಾಗವೇಣಿ ಬೋರ್ಡಿಗೆ ಬಂದು ಸಮೀಕರಣ ಸರಿದೂಗಿಸಿದಳು. ಒಂದಕ್ಕೆ ಐದು ಲೀಟರ್ ಆಮ್ಲಜನಕ. ಗಾಳಿಯಲ್ಲಿ ಆಮ್ಲಜನಕ ಇರುವುದು ಐದರಲ್ಲಿ ಒಂದು ಪಾಲು. ಅಂದರೆ ಇಪ್ಪತ್ತೈದು ಲೀಟರ್ ಗಾಳಿ!

"ಗಾಳಿ ಕಮ್ಮಿ ಬಿದ್ರೆ?"

"ಕಾರ್ಬನ್ ಮೊನಾಕ್ಸೈಡ್ ಆಗ್ತದೆ ಸರ್."

ಕ್ಲಾಸಿನಿಂದ ಚಪ್ಪಾಳೆ ತಟ್ಟಿಸಿದೆ.

ಅವಳ ಆಯಿ, ಅಂದರೆ ಅಮ್ಮ, ಪೇಟೆಯಲ್ಲಿ ಮೀನು ಮಾರುವಾಕೆ. ಸಂಜೆ ಬಂದವಳೇ ಬಿಸಿನೀರಲ್ಲಿ ಮಿಂದ ಮೇಲೆಯೇ ಚಹಾ. ಅದಕ್ಕೆಂದೇ ಬಚ್ಚಲಿಗೆ ಗ್ಯಾಸ್ ಗೀಸರ್ ಬಂದಿತ್ತು. ಈಚೆಗೆ ಮನೆಯ ಹಿಂದೆ ಹೋಂಸ್ಟೇ ಒಂದು ಎದ್ದಿತು. ಅದರ ಬಾಲ್ಕನಿಯಲ್ಲಿ ನಿಂತವರಿಗೆ ಇವರ ಬಚ್ಚಲ ಕಿಟಕಿಯೇ ನೋಟ. ನಾಗವೇಣಿ ಮೀನಿನ ಡಬ್ಬಿಯ ಥರ್ಮಾಕೋಲ್ ಮುರಿದು ಕಿಟಕಿಗೆ ತುರುಕಿ, ಸುತ್ತ ಟೇಪ್ ಅಂಟಿಸಿದಳು. ಆಯಿಯ ಮಾನ ಮುಖ್ಯವಲ್ಲವೇ?

ಆ ವಾರವೇ ಒಂದು ಸಂಜೆ, ಸ್ನಾನಕ್ಕೆ ಹೋದ ಆಯಿ ಬಾಗಿಲು ತೆರೆಯಲಿಲ್ಲ. ಚಿಲಕ ಮುರಿದು ಹೊರಗೆ ತರುವಷ್ಟರಲ್ಲಿ ಜೀವ ಹೋಗಿತ್ತು.

ಹಿಂದೆ ಎಲ್ಲರ ಬಚ್ಚಲಲ್ಲೂ ಹಂಡೆಯ ಒಲೆ ಇತ್ತು. ಹೊಗೆ ತುಂಬಿದರೆ ಕಣ್ಣುರಿ, ಕೆಮ್ಮು. ಒಲೆಗೆ ಬೈಯುತ್ತ ಹೊರಗೆ ಓಡುತ್ತಿದ್ದೆವು. ಗಾಳಿ ಸಾಲದೆ ಹುಟ್ಟುವ ಈ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಂದದ್ದೇ ಗೊತ್ತಾಗುವುದಿಲ್ಲ.

ಮಾತಾಡಿಸಲು ಹೋದಾಗ ಅಂಗಳದಲ್ಲಿ ನೆರೆಯವರು ಕೂತಿದ್ದರು. ಡಾಕ್ಟರು ಕಾರಣ ಹೇಳಿಯಾಗಿತ್ತು. ಆದರೂ ಒಬ್ಬರು, "ಎಂತ ಮಾಡೂದು, ಗ್ರಹಚಾರ ಮಾರಾಯ್ರೆ" ಎಂದರು. ಪಾಪ, ಗ್ರಹಗಳು ಎಷ್ಟಕ್ಕೆಂದು ಹೊಣೆ ಹೊರಬೇಕು? ನನಗೆ ಸಿಟ್ಟು ಬಂತು. ಬೋರ್ಡಿನ ಮೇಲೆ ಉರಿಯುವ ಗ್ಯಾಸೇ ಬಚ್ಚಲಲ್ಲೂ ಉರಿಯುತ್ತದೆ ಎಂದು ನಮ್ಮ ಯಾವ ಪಾಠ ಹೇಳುತ್ತದೆ? ಮಾರ್ಕ್ಸ್ ಬಂದರೆ ಆತು!

ಹೊರಟಾಗ ನಾಗವೇಣಿ ಗೇಟಿನವರೆಗೆ ಬಂದಳು. ಅತ್ತು ಅತ್ತು ಧ್ವನಿ ಬಿದ್ದಿತ್ತು.

"ಸರ್, ಕಿಟಕಿ ಮುಚ್ಚಿದ್ದು ನಾನೇ. ಮುಚ್ಚದಿದ್ರೆ ಆಯಿ ಉಳೀತಿತ್ತಾ?"

"ಇಲ್ಲ ಮಗಾ, ಅಷ್ಟು ಸಣ್ಣ ಕಿಟಕಿಯಿಂದ ಎಂತ ಆಗ್ತಿತ್ತು?" ಎಂದೆ.

ಅವಳು ನನ್ನ ಮುಖ ನೋಡಿದಳು.

ಲೆಕ್ಕ ಬರುವ ಹುಡುಗಿಗೆ ಸುಳ್ಳು ಹೇಳಿ ನಂಬಿಸುವುದು ಹೇಗೆ ಸ್ವಾಮೀ?