ಹಸು ಗುದ್ದಿದ ಗಾಜು

ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೆ ಅಥಣಿಯಿಂದ ಕಾಗವಾಡದವರೆಗೆ ನಾನು ಗಾಜು ಕೂರಿಸಿದ ಕಿಟಕಿಯಲ್ಲಿ ಗಾಳಿ ಸಿಳ್ಳೆ ಹೊಡೆದದ್ದಿಲ್ಲ. ಒಂದೇ ಒಂದು ಕೆಲಸ ಮನಸ್ಸನ್ನು ಚುಚ್ಚುತ್ತಿತ್ತು. ಎಂಬತ್ತರ ದಶಕದ ಕೊನೆಗೆ ರಾಯಬಾಗದ ಒಂದು ಮನೆಯಲ್ಲಿ ನಾನು ಹಾಕಿದ ಸಾದಾ ಗಾಜಿನ ಮೇಲೆ ಆ ಮನೆಯ ಸೊಸೆ ಕಾಲು ಜಾರಿ ಬಿದ್ದಳು. ಚೂರುಗಳು ಮೊಣಕೈ ಸೀಳಿದವು. ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು.

ಕೆಲವು ವರ್ಷಗಳ ನಂತರ ಸಾಂಗಲಿಯ ವ್ಯಾಪಾರಿಯೊಬ್ಬ ಹೊಸ ಗಾಜು ತೋರಿಸಿದ. ಎರಡು ಗಾಜು, ನಡುವೆ ಹೋಳಿಗೆಯ ಹೂರಣದ ಹಾಗೆ ಒಂದು ಅಂಟಿನ ಪದರ. ಒಡೆದರೂ ಚೂರು ಉದುರುವುದಿಲ್ಲ, ಪದರಕ್ಕೇ ಕಚ್ಚಿಕೊಂಡಿರುತ್ತವೆ. ಆಗ ಕಾಗವಾಡದ ಹತ್ತಿರ ದ್ರಾಕ್ಷಿ ಬೆಳೆಗಾರನೊಬ್ಬ ಮನೆ ಕಟ್ಟಿಸುತ್ತಿದ್ದ. ಬಾಗಿಲ ಪಕ್ಕ ನೆಲದಿಂದಲೇ ಎದ್ದ ದೊಡ್ಡ ಗಾಜು ಬೇಕೆಂದ. ಇದನ್ನೇ ತಂದು ಕೂರಿಸಿದೆ.

ಸಂತೆಯಲ್ಲಿ ಗಡಿಗೆ ಬಡಿಯುವಂತೆ ಅವನು ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಮಂಕು ಸದ್ದು.

"ಮಿಸ್ತ್ರಿ, ಇದು ಸೀಳೈತಿ. ಟಣ್ ಅನ್ನವಲ್ದು."

"ಸೀಳಿಲ್ರಿ ಸಾವ್ಕಾರ್ರ. ಜೋಡ ಗಾಜ ಐತಿ, ಅದಕ್ಕ ಹಂಗ."

"ನಮ್ಮವ್ವ ಬಡದ್ ತಂದ ಗಡಿಗಿ ಒಂದೂ ಸೋರಿಲ್ಲ. ನನಗ ಕಲಸ್ತಿ? ಬಿಚ್ಚ ಇದನ್ನ."

ಅವನದೇನೂ ತಪ್ಪಲ್ಲ. ಸಾದಾ ಗಾಜನ್ನು ನಾನೂ ಹಾಗೆಯೇ ಬಡಿದು ಆರಿಸುತ್ತಿದ್ದೆ. ಆದರೆ ಆ ಸೊಸೆಯ ಕೈ ಕಣ್ಣ ಮುಂದಿತ್ತು. "ವಾಸ್ತುಶಾಂತಿ ಆಗೂತನಕಾ ಇರ್ಲಿರಿ. ಆಮ್ಯಾಲೂ ಬ್ಯಾಡಂದ್ರ ನಾನ ಬಿಚ್ಚಿ ಒಯ್ತೀನಿ" ಎಂದೆ. ಮುಖ ಗಂಟಿಕ್ಕಿಕೊಂಡೇ ಒಪ್ಪಿದ.

ವಾಸ್ತುಶಾಂತಿಯ ದಿನ ಹೊಸ ಮನೆಯೊಳಗೆ ಹಸುವನ್ನು ಹೊಗಿಸುವುದು ಪದ್ಧತಿ. ಕೊಂಬಿಗೆ ಗೊಂಡೆ ಕಟ್ಟಿ ಕರೆತಂದರು. ಗಾಜಿನ ಹಿಂದೆಯೇ, ಪಡಸಾಲೆಯ ಜಮಖಾನೆಯ ಮೇಲೆ ಬೆಳೆಗಾರನ ಮಗಳು ಕೂಸನ್ನು ತಟ್ಟುತ್ತ ಕುಳಿತಿದ್ದಳು. ಮೆಟ್ಟಿಲೇರಿದ ಹಸುವಿಗೆ ಗಾಜಿನಲ್ಲಿ ಗೊಂಡೆ ಕಟ್ಟಿಕೊಂಡ ಇನ್ನೊಂದು ಹಸು ಕಂಡಿತು. ತಲೆ ತಗ್ಗಿಸಿ ಗುದ್ದಿಯೇಬಿಟ್ಟಿತು.

ಗಾಜು ಜೇಡರ ಬಲೆಯಂತೆ ಬಿರಿದು, ಒಳಕ್ಕೆ ತುಸು ಬಾಗಿ, ಅಲ್ಲೇ ನಿಂತಿತು. ನಾನು ಓಡಿಹೋಗಿ ಜಮಖಾನೆಯ ಮೇಲೆಲ್ಲ ಕೈಯಾಡಿಸಿದೆ. ಹಿಟ್ಟಿನಂಥ ಪುಡಿ ಹತ್ತಿತು, ಅಷ್ಟೆ. ಕೂಸು ಬೆದರಿ ಅಳುತ್ತಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ.

"ಆಕಳಕ್ಕ ಮನಿ ಪಸಂದ ಬಂದಿಲ್ಲ ತಗೋ" ಎಂದು ಯಾವುದೋ ಮುದುಕಿ ಅಂದಳು. ಯಾರೂ ನಗಲಿಲ್ಲ. ಬೆಳೆಗಾರ ಮೊಮ್ಮಗುವನ್ನು ಎತ್ತಿಕೊಂಡು ಬಿರಿದ ಗಾಜಿನ ಹತ್ತಿರ ಬಂದ.

"ಇಂಥಾದ ಇನ್ನೊಂದ ತಾ, ಮಿಸ್ತ್ರಿ" ಎಂದ ಕಡೆಗೆ.

ಊಟವಾದ ಮೇಲೆ ಮಗಳು ನನ್ನ ಬಳಿ ಬಂದಳು. "ಅಣ್ಣಾ, ಸದಲಗಾದಾಗ ನಮ್ಮ ಮನಿ ಜಿನಿ ಮೆಟ್ಟಲ ಕೆಳಗ ಸಾದಾ ಗಾಜ ಐತಿ. ಇಂವಾ ಇನ್ನೇನ ಅಂಬೆಗಾಲ ಇಡಾಂವ."

ಮರುದಿನ ಮೊದಲ ಬಸ್ಸಿಗೆ ಅಳತೆ ಟೇಪು ಹಿಡಿದು ಹೊರಟೆ.