ಜೂನ್ ತಿಂಗಳ ಗಾಳಿ

ಮೊನ್ನೆ ಗಂಗಾವತಿಯಿಂದ ಬಂದ ಅತ್ತಿಗೆ ಅಲ್ಲಿಯ ಅಂಗಡಿಯಲ್ಲಿ ಕೊಂಡ ಅಕ್ಕಿ ಸಂಡಿಗೆ ಕರಿದಳು. ಎಣ್ಣೆಯಲ್ಲಿ ಅರಳಿದ ಸಂಡಿಗೆ ಎಷ್ಟು ಬೆಳ್ಳಗಿತ್ತೆಂದರೆ, ತಟ್ಟೆ ಹಿಡಿದುಕೊಂಡು ಅದನ್ನೇ ನೋಡುತ್ತ ಕೂತೆ. ನಮ್ಮೂರ ಮಾಳಿಗೆಯ ಮೇಲೆ ಒಣಗಿದ ಸಂಡಿಗೆ ಈ ಬಣ್ಣ ಕಂಡು ಯಾವ ಕಾಲವಾಯಿತೋ...

"ಯಾಕ, ಉಪ್ಪು ಕಮ್ಮಿ ಆಗೇತೇನು?" ಎಂದಳು. ಯಾವಾಗಲೂ ಅವಳ ದನಿಯಲ್ಲೇ ಅವಳಿಗೆ ಉತ್ತರ ಕೊಡುವವನು ನಾನು. ಅವತ್ತು ತಟ್ಟೆ ಕೆಳಗಿಟ್ಟು ಎದ್ದೆ. ಮೇಡಂ ನೆನಪಾಗಿದ್ದರು. ಅವರ ಹಿಂದೆಯೇ ಸಿಟ್ಟೂ ಬಂದು ಕೂತಿತ್ತು.

ಕೊಪ್ಪಳದ ಕಾಲೇಜಿನಲ್ಲಿ ಮೇಡಂ ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದರು. ನಾನು ಕಲಿತೆ ಎಂದು ಹೇಳುತ್ತಿಲ್ಲ, ಅವರು ಕಲಿಸುತ್ತಿದ್ದರು. ನನ್ನ ವಿದ್ಯೆ ಬೇರೆಯದಿತ್ತು. ಪ್ರಿನ್ಸಿಪಾಲರ ಮೂಗಿನ ಮಾತು, ಬಸ್ಸಿನ ಕಂಡಕ್ಟರನ ಗತ್ತು, ಸಿಟ್ಟು ಬಂದಾಗ ನಮ್ಮಪ್ಪ ಚಪ್ಪಲಿ ಹುಡುಕುವ ಠೀವಿ, ಇವನ್ನೆಲ್ಲ ಮಾಡಿ ತೋರಿಸಿ ಕ್ಯಾಂಟೀನಿನಲ್ಲಿ ಪುಕ್ಕಟೆ ಚಹಾ ಕುಡಿಯುವುದು. ಒಂದು ದಿನ ಮೇಡಂ ಬಾಗಿಲಲ್ಲಿ ನಿಂತದ್ದು ತಿಳಿಯದೆ ಅವರನ್ನೇ ಅಣಕಿಸುತ್ತಿದ್ದೆ. ಮುಗಿಯುವ ತನಕ ನೋಡಿ ಅವರು ಅಂದರು: "ನಾ ಇಷ್ಟು ಮೆತ್ತಗ ಬೈಯಂಗಿಲ್ಲಲೇ. ಬಾ ಇಲ್ಲಿ, ನಿನ್ನ ಬಾಯಿಗೊಂದು ಕೆಲಸ ಐತಿ."

ಗಿಣಿಗೇರಾದ ಆಚೆ, ನಮ್ಮೂರ ಮಗ್ಗುಲಲ್ಲೇ ಒಂದು ಕಬ್ಬಿಣದ ಕಾರ್ಖಾನೆ. ಅದಕ್ಕೆ ಇನ್ನೊಂದು ಚಿಮಣಿ ಬೇಕಾಗಿತ್ತು. ಅನುಮತಿಗೆ ಮೊದಲು ಊರವರ ಅಹವಾಲು ಕೇಳುವ ಸಭೆ ಆಗಬೇಕು. ಅಷ್ಟರೊಳಗೆ, ಈಗಾಗಲೇ ಇದ್ದ ಚಿಮಣಿಯಿಂದ ಹೊರಟ ಧೂಳಿನ ಕಣ ಎಲ್ಲಿಗೆ ಹೋಗುತ್ತದೆಂದು ತೋರಿಸಿ ಹೊಸದನ್ನು ತಡೆಯಬೇಕೆಂದು ಮೇಡಂ ಹಟ ಹಿಡಿದಿದ್ದರು. ಕಂಪ್ಯೂಟರಿನಲ್ಲಿ ನಮ್ಮ ಸೀಮೆಯನ್ನು ಚೌಕಚೌಕವಾಗಿ ಕತ್ತರಿಸಿ, ಗುಡ್ಡದ ಎತ್ತರ, ಚಿಮಣಿಯ ಎತ್ತರ, ಹೊಗೆಯ ಬಿಸಿ, ತಾಸುತಾಸಿನ ಗಾಳಿ ಎಲ್ಲವನ್ನೂ ಅದರ ಹೊಟ್ಟೆಗೆ ಹಾಕುತ್ತಿದ್ದರು. ಯಾವ ಚೌಕದಲ್ಲಿ ಧೂಳು ತೇಲುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಅದು ಬಣ್ಣ ಬಳಿದು ತೋರಿಸುತ್ತಿತ್ತು. ದೀಪಾವಳಿ ದಾಟಿ ಮೂಡಲ ಗಾಳಿ ಶುರುವಾಯಿತೋ, ಕೆಂಪು ಬಣ್ಣ ಸೀದಾ ನಮ್ಮ ಓಣಿಗಳ ಮೇಲೆ ಬಂದು ಮಲಗುತ್ತಿತ್ತು.

"ಇದು ಹೇಳೂದು ಖರೇನೋ ಸುಳ್ಳೋ ನೋಡಬೇಕಲ್ಲ" ಎಂದು ಮೇಡಂ ಹಿಡಿದ ದಾರಿ ಸಂಡಿಗೆಯದು. ಶಿವರಾತ್ರಿಯ ಆಸುಪಾಸಿಗೆ ನಮ್ಮಲ್ಲಿ ಮನೆಮನೆಯ ಮಾಳಿಗೆಯ ಮೇಲೆ ಬಿಳಿ ಧೋತರ ಹಾಸಿ ಸಂಡಿಗೆ ಇಡುತ್ತಾರೆ. ಹಸಿ ಹಿಟ್ಟಿನ ಮೇಲೆ ಬಿದ್ದ ಧೂಳು ಅಲ್ಲೇ ಅಂಟಿ ಒಣಗುತ್ತದೆ. ಯಾವ ಮಾಳಿಗೆಯ ಸಂಡಿಗೆ ಎಷ್ಟು ಕಪ್ಪು ಎಂದು ನೋಡಿ ಬರುವುದು ನನ್ನ ಪಾಲಿಗೆ. ತನ್ನ ಸಂಡಿಗೆ ಕಪ್ಪೆಂದು ಯಾವ ಹೆಂಗಸು ಒಪ್ಪುತ್ತಾಳೆ? ನೆರೆಮನೆಯವಳ ದನಿ ತೆಗೆದು ನಗಿಸಿ, ಬೈಸಿಕೊಂಡು, ಒಂದೊಂದು ತುಣುಕು ಇಸಿದುಕೊಂಡು ಬಂದೆ.

"ನಿಮ್ಮ ಮೇಡಂಗ ಸಂಡಗಿ ಆಸಿ ಆಗೇತೇನಲೇ, ಹಾಳಾದವ್ನ?"

"ಅವರಿಗೆ ಅಲ್ಲಬೇ ಅತ್ತಿ, ಅವರ ಕಂಪ್ಯೂಟರಿಗೆ!"

ಕೊನೆಗೆ ಮಾಳಿಗೆಗಳ ನಕಾಶೆಯನ್ನು ಕಂಪ್ಯೂಟರಿನ ನಕಾಶೆಯ ಪಕ್ಕದಲ್ಲಿಟ್ಟರೆ, ಕೆಂಪು ಇದ್ದಲ್ಲೆಲ್ಲ ಕಪ್ಪು. ನಾನು ಕುಣಿದೆ. ಮೇಡಂ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ತಪ್ಪಾಗಿದ್ರ ಛಲೋ ಇತ್ತು" ಎಂದರು, ಅಷ್ಟೇ.

ಸಭೆಯಲ್ಲಿ ಕಾರ್ಖಾನೆಯ ಪರವಾಗಿ ವರದಿ ಓದಿದವನು ಟೈ ಕಟ್ಟಿಕೊಂಡ ಒಬ್ಬ ಸಲಹೆಗಾರ. ಅವನದೂ ಕಂಪ್ಯೂಟರಿನ ನಕಾಶೆಯೇ. ಅದರಲ್ಲಿ ಧೂಳೆಲ್ಲ ಬಲು ಸಂಭಾವಿತನ ಹಾಗೆ ನಮ್ಮೂರಿಗೆ ಬೆನ್ನು ಮಾಡಿ ಹೊಲಗಳ ಕಡೆ ಹೊರಟಿತ್ತು.

ಮೇಡಂ ಎದ್ದರು. "ಈ ಗಾಳಿ ಯಾವ ತಿಂಗಳದ್ರಿ?"

"ಜೂನ್‌ನಿಂದ ಆಗಸ್ಟ್, ಮೇಡಂ. ಒಂದು ಋತು ಸಾಕು."

ಸಾಕಂತೆ! ಮುಂಗಾರಿನ ಗಾಳಿ ಬೀಸುವುದು ಪಡುವಣದಿಂದ. ನಮ್ಮೂರು ಇರುವುದೇ ಕಾರ್ಖಾನೆಯ ಪಡುವಣಕ್ಕೆ. ಮೇಲೆ ಮಳೆ ಬೇರೆ ತೊಳೆಯುತ್ತದೆ. ವರ್ಷದಲ್ಲಿ ನಾವು ಒಂದಿಷ್ಟು ಉಸಿರಾಡುವ ದಿನಗಳನ್ನೇ ಹುಡುಕಿ ತೆಗೆದು, ವರ್ಷಪೂರ್ತಿ ಹೀಗೇ ಎಂದು ಬರೆದಿದ್ದರು.

"ಉಳಿದ ತಿಂಗಳು ಈ ಊರಿನವ್ರು ಉಸಿರಾಡಂಗಿಲ್ಲೇನ್ರಿ?"

ಪೆಂಡಾಲು ಕಿತ್ತು ಹೋಗುವಂಥ ಚಪ್ಪಾಳೆ. ಹೆಂಗಸರು ಮೊರದಲ್ಲಿ ತಂದಿದ್ದ ಕಪ್ಪು ಸಂಡಿಗೆಯನ್ನು ವೇದಿಕೆಯ ಮೇಜಿನ ಮೇಲೆ ಸುರಿದರು. ಸಲಹೆಗಾರ ಬೆರಳ ತುದಿಯಿಂದ ಒಂದನ್ನು ಸರಿಸಿ, "ಇದು ಅಡುಗೆಮನೆಯ ಮಸಿ" ಎಂದ. ಅಡುಗೆಮನೆಯನ್ನು ಮಾಳಿಗೆಯ ಮೇಲೆ ಯಾರು ಕಟ್ಟುತ್ತಾರೋ, ಭಾಡ್ಯಾ!

ನಡುವೆ ಕೂತಿದ್ದ ಅಧಿಕಾರಿ ಮೇಡಂ ಕೊಟ್ಟ ನಕಾಶೆಯನ್ನು ನೋಡಲೂ ಇಲ್ಲ. "ಇದಕ್ಕೆ ಮಾನ್ಯತೆ ಇಲ್ಲ. ನೀವು ಸರ್ಕಾರಿ ನೌಕರರು, ಯಾರ ಅನುಮತಿ ತಗೊಂಡು ಬಂದ್ರಿ?" ಎಂದರು. ಮೈಕು ಸತ್ತಿತು. ಮೈಕಿಲ್ಲದೆಯೂ ಮೇಡಂ ಮಾತಾಡುತ್ತಲೇ ಇದ್ದರು, ಗಂಟಲು ಕಟ್ಟುವ ತನಕ... ವೇದಿಕೆಯವರು ಊಟಕ್ಕೆ ಎದ್ದು ಹೋದರು.

ಚಿಮಣಿಯ ಪಾಯ ತೋಡುವ ಹೊತ್ತಿಗೆ ಮೇಡಂ ಯಲಬುರ್ಗಾಕ್ಕೆ ವರ್ಗವಾಗಿದ್ದರು. ಆಗಾಗ ಫೋನ್ ಮಾಡಿ, "ಈಗ ಗಾಳಿ ಯಾವ ಕಡಿಗೆ ಐತಲೇ?" ಎಂದು ಕೇಳುತ್ತಿದ್ದರು. ಕಳೆದ ವರ್ಷ ಹೃದಯ ನಿಂತು ಹೋದರು. ಕಾಲೇಜಿನಲ್ಲಿ ಸಂತಾಪ ಸಭೆ ನಡೆಯಿತು. ಅಹವಾಲಿನ ಸಭೆಗೆ ಹೋದದ್ದಕ್ಕೆ ಅವರಿಗೆ ನೋಟಿಸು ಕೊಟ್ಟಿದ್ದ ಪ್ರಿನ್ಸಿಪಾಲರೇ "ನಮ್ಮ ಹೆಮ್ಮೆ" ಎಂದು ಮೂಗಿನಲ್ಲಿ ಅತ್ತರು. ಶಾಮಿಯಾನ ಕಾರ್ಖಾನೆಯವರದು. ಹಾರಕ್ಕಿಂತ ದೊಡ್ಡದಾಗಿ ಕಾರ್ಖಾನೆಯ ಹೆಸರಿತ್ತು.

ಈಗ ಕಾರ್ಖಾನೆಯ ಗೇಟಿನಲ್ಲಿ ದೊಡ್ಡದೊಂದು ವಿದ್ಯುತ್ ಫಲಕವಿದೆ. "ಇಂದಿನ ಗಾಳಿ: ಉತ್ತಮ" ಎಂದು ಹಸಿರು ಅಕ್ಷರ ಹೊಳೆಯುತ್ತದೆ. ಇವತ್ತು ಬೆಳಿಗ್ಗೆ ಹಾದುಹೋಗುವಾಗ ಒಬ್ಬ ಹೆಂಗಸು ಏಣಿ ಹತ್ತಿ ಅದನ್ನು ಒದ್ದೆ ಬಟ್ಟೆಯಿಂದ ತಿಕ್ಕುತ್ತಿದ್ದಳು. ಬಕೆಟ್ಟಿನ ನೀರು ಇದ್ದಿಲಿನಂತಿತ್ತು.

"ಅಕ್ಕಾ, ಒರಸಬ್ಯಾಡ. ಒಂದಿನ ಹಂಗ ಬಿಡು."

"ಒರಸದಿದ್ರ ಉತ್ತಮ ಅಂತ ಕಾಣಂಗಿಲ್ಲೋ ತಮ್ಮಾ. ಸಾಹೇಬ್ರು ನನಗ ಬೈತಾರ."

ರಸ್ತೆಯಲ್ಲೇ ನಿಂತು ಕಾರ್ಖಾನೆಯವರನ್ನು ನನ್ನದೇ ದನಿಯಲ್ಲಿ ಬಾಯಿಗೆ ಬಂದಂತೆ ಬೈದೆ. ಚಹಾದಂಗಡಿಯ ಮುಂದಿದ್ದವರು ಬಿದ್ದುಬಿದ್ದು ನಕ್ಕರು. "ಇದು ಯಾರದ್ದಲೇ? ಇನ್ನೊಮ್ಮೆ ಮಾಡು!" ಎಂದರು. ಬೈದರೆ ಬೈಗುಳವೆಂದು ತಿಳಿಯುವಂತೆ ಬೈಯುವವರು ಮೇಡಂ ಹೋದ ಮೇಲೆ ನಮ್ಮ ಸೀಮೆಯಲ್ಲಿ ಯಾರೂ ಉಳಿದಿಲ್ಲ.